ದೋಣಿ ಅಳಿಯಿತು, ಗವಿ ಉಳಿಯಿತು

ನೆಲದ ಮೇಲೆ ನಡೆದವನ ಜಾಡನ್ನು ಹಿಡಿಯುವುದು ಕಷ್ಟವಾದರೂ ಅಸಾಧ್ಯವಲ್ಲ. ಅವನು ಹೂಡಿದ ಒಲೆಯ ಬೂದಿ, ತಿಂದು ಎಸೆದ ಮೂಳೆ, ಮೊಂಡಾದುದರಿಂದ ಬಿಸುಟ ಕಲ್ಲಿನ ಆಯುಧ ಇವು ದಾರಿಯಲ್ಲಿ ಎಲ್ಲಿಯಾದರೂ ಉಳಿದಿರುತ್ತವೆ. ಆದರೆ ನೀರಿನ ಮೇಲೆ ಸಾಗಿದವನ ಜಾಡು ಎಲ್ಲಿ? ದೋಣಿಯ ಹಿಂದೆ ಏಳುವ ನೊರೆಯ ಗೆರೆಯು ಕ್ಷಣಾರ್ಧದಲ್ಲಿ ಅಳಿಸಿಹೋಗುತ್ತದೆ. ಸುಮಾರು ೫೦,೦೦೦ ವರ್ಷಗಳ ಹಿಂದೆ ಆಗ್ನೇಯ ಏಷ್ಯದ ಕಡಲುಗಳನ್ನು ದಾಟಿ, ದ್ವೀಪದಿಂದ ದ್ವೀಪಕ್ಕೆ ಸಾಗಿ, ಕಡೆಗೆ ಆಸ್ಟ್ರೇಲಿಯ ಖಂಡವನ್ನೇ ಸೇರಿದ ಮಾನವರ ಕಥೆಯನ್ನು ತಿಳಿಯಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ.

ತೊಡಕು ಇಷ್ಟಕ್ಕೆ ಮುಗಿಯುವುದಿಲ್ಲ. ಜಗತ್ತಿನಲ್ಲಿ ಈವರೆಗೆ ದೊರೆತಿರುವ ದೋಣಿಗಳಲ್ಲೆಲ್ಲ ಅತ್ಯಂತ ಹಳೆಯದೆನಿಸಿಕೊಂಡಿರುವುದು ಹಾಲೆಂಡಿನ ಪೆಸ್ಸೆ ಎಂಬಲ್ಲಿ ೧೯೫೫ರಲ್ಲಿ ಸಿಕ್ಕಿದ ಮರದ ದೋಣಿ. ಅದರ ವಯಸ್ಸು ಸುಮಾರು ೧೦,೦೦೦ ವರ್ಷ ಮಾತ್ರ. ನಾವು ಹುಡುಕುತ್ತಿರುವ ದೋಣಿಗಳು ಅದರ ಐದು ಮಡಿ ಹಳೆಯವು. ಬಿದಿರು, ಮರ, ನಾರುಗಳಿಂದ ಕಟ್ಟಿದ ಆ ತೆಪ್ಪಗಳು ಉಷ್ಣವಲಯದ ಮಳೆಯಲ್ಲಿ ಎಂದೋ ಕೊಳೆತು ಮಣ್ಣಾಗಿವೆ. ಅವರು ಇಳಿದ ತೀರಗಳಾದರೂ ಉಳಿದಿವೆಯೇ ಎಂದರೆ, ಹಿಮಯುಗವು ಮುಗಿದು ಸಮುದ್ರವು ಏರಿದಾಗ ಅವುಗಳಲ್ಲಿ ಬಹುಪಾಲು ನೀರಿನಡಿ ಮುಳುಗಿಹೋದುವು.

ದೋಣಿಯೂ ಇಲ್ಲ, ದಡವೂ ಇಲ್ಲ. ಉಳಿದಿರುವ ಸಾಕ್ಷಿ ಒಂದೇ: ಗವಿ. ಎಂದೂ ಭೂಖಂಡಕ್ಕೆ ಸೇರಿಕೊಂಡಿರದ ಒಂದು ದ್ವೀಪದ ಗವಿಯಲ್ಲಿ ಮಾನವನ ಮೂಳೆಯೋ, ಅವನ ಕೈಯ ಕೆಲಸವೋ ಸಿಕ್ಕಿದರೆ, ಯಾರೋ ಕಡಲನ್ನು ದಾಟಿ ಅಲ್ಲಿಗೆ ಬಂದಿದ್ದರೆಂಬುದು ಸಿದ್ಧವಾಗುತ್ತದೆ. ಆದರೆ ಹೇಗೆ ಬಂದರು? ಬಿರುಗಾಳಿಗೆ ಸಿಕ್ಕಿ, ತೇಲುವ ಮರವನ್ನು ತಬ್ಬಿಕೊಂಡು ಅದೃಷ್ಟವಶಾತ್ ದಡ ಸೇರಿದವರೇ ಅವರು? ಅಥವಾ ದೋಣಿಯನ್ನು ಕಟ್ಟಿ, ಬುತ್ತಿಯನ್ನು ಹೊತ್ತು, ದಿಕ್ಕನ್ನು ನೋಡಿ ಹೊರಟ ನಾವಿಕರೇ? ನಮ್ಮ ಪೂರ್ವಿಕರ ಬುದ್ಧಿಶಕ್ತಿಯನ್ನು ನಾವು ಎಷ್ಟೆಂದು ಎಣಿಸಬೇಕು ಎಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಗವಿಗಳು ಈ ಬಗ್ಗೆ ಏನು ಹೇಳುತ್ತವೆಂಬುದನ್ನು ನೋಡೋಣ.

ಎರಡು ಭೂಭಾಗಗಳ ನಡುವಣ ಕಡಲು

ಸುಮಾರು ೨೦,೦೦೦ ವರ್ಷಗಳ ಹಿಂದೆ, ಹಿಮಯುಗದ ಚಳಿಯು ಅತ್ಯಂತ ತೀವ್ರವಾಗಿದ್ದಾಗ, ಭೂಮಿಯ ನೀರಿನ ಬಹುದೊಡ್ಡ ಪಾಲು ಉತ್ತರದ ಖಂಡಗಳ ಮೇಲೆ ಮಂಜುಗಡ್ಡೆಯಾಗಿ ಕುಳಿತಿತ್ತು. ಅದರಿಂದಾಗಿ ಸಮುದ್ರದ ಮಟ್ಟವು ಇಂದಿಗಿಂತ ಸುಮಾರು ೧೨೦ ಮೀಟರು ಕೆಳಗಿದ್ದಿತು. ಅದಕ್ಕೆ ಹಿಂದಿನ ಹತ್ತಾರು ಸಾವಿರ ವರ್ಷಗಳಲ್ಲಿಯೂ ಅದು ಏರಿಳಿಯುತ್ತಿದ್ದರೂ ಇಂದಿನ ಮಟ್ಟಕ್ಕಿಂತ ಬಹಳ ಕೆಳಗೇ ಇತ್ತು. ಸುಮಾತ್ರ, ಜಾವ, ಬೋರ್ನಿಯೋಗಳು ಆಗ ದ್ವೀಪಗಳಾಗಿರಲಿಲ್ಲ. ಏಷ್ಯದೊಡನೆ ಕೂಡಿದ ಒಂದೇ ನೆಲವಾಗಿದ್ದುವು. ಭೂವಿಜ್ಞಾನಿಗಳು ಇದನ್ನು ಸುಂದಾ ಎಂದು ಕರೆಯುತ್ತಾರೆ. ಇತ್ತ ಆಸ್ಟ್ರೇಲಿಯ, ನ್ಯೂಗಿನಿ, ಟಾಸ್ಮೇನಿಯಗಳು ಕೂಡಿ ಇನ್ನೊಂದು ಮಹಾ ಭೂಭಾಗವಾಗಿದ್ದುವು. ಇದರ ಹೆಸರು ಸಾಹುಲ್.

ಸುಂದಾ ಮತ್ತು ಸಾಹುಲ್ ಎಂದೂ ಒಂದಾಗಲಿಲ್ಲ. ಅವೆರಡರ ನಡುವೆ ಆಳವಾದ ಕಡಲೂ, ಆ ಕಡಲಿನಲ್ಲಿ ಸುಲವೇಸಿ, ಫ್ಲೋರೆಸ್, ತಿಮೋರ್ ಮೊದಲಾದ ದ್ವೀಪಗಳೂ ಇದ್ದುವು. ಈ ಗಡಿಯನ್ನು ಮೊದಲು ಗುರುತಿಸಿದವನು ಆಲ್ಫ್ರೆಡ್ ರಸೆಲ್ ವಾಲೆಸ್ ಎಂಬ ಇಂಗ್ಲಿಷ್ ಪ್ರಕೃತಿವಿಜ್ಞಾನಿ. ೧೮೫೪ರಿಂದ ೧೮೬೨ರ ವರೆಗೆ ಈ ದ್ವೀಪಸ್ತೋಮದಲ್ಲಿ ಸಂಚರಿಸಿದ ಅವನು ಬಾಲಿ ಮತ್ತು ಲೊಂಬೊಕ್ ದ್ವೀಪಗಳ ಪಕ್ಷಿಗಳನ್ನು ಹೋಲಿಸಿ ಬೆರಗಾದನು. ಇವೆರಡರ ನಡುವಣ ಜಲಸಂಧಿಯ ಅಗಲ ಕೇವಲ ೩೫ ಕಿಲೋಮೀಟರಿನಷ್ಟು. ಆದರೂ ಬಾಲಿಯಲ್ಲಿ ಏಷ್ಯದ ಮರಕುಟಿಗಗಳು, ಲೊಂಬೊಕ್‌ನಲ್ಲಿ ಆಸ್ಟ್ರೇಲಿಯದ ಕಡೆಯ ಕಾಕಟೂಗಳು! ಹುಲಿ, ಆನೆ, ಕೋತಿಗಳ ಏಷ್ಯವು ಹೆಚ್ಚುಕಡಿಮೆ ಇಲ್ಲಿಗೆ ಮುಗಿದು ಬೇರೊಂದು ಜೀವಲೋಕವು ಮೊದಲಾಗುತ್ತದೆ. ಈ ರೇಖೆಗೆ ಇಂದಿಗೂ ವಾಲೆಸ್ ರೇಖೆಯೆಂದೂ, ಅದರಾಚೆಯ ದ್ವೀಪಗಳಿಗೆ ವಾಲೇಸಿಯ ಎಂದೂ ಹೆಸರಿದೆ.

ಸಮುದ್ರವು ತೀರ ತಗ್ಗಿದ್ದಾಗಲೂ ಸುಂದಾದಿಂದ ಸಾಹುಲ್‌ಗೆ ಹೋಗಬೇಕಾದವರು ಹಲವು ಬಾರಿ ಕಡಲನ್ನು ದಾಟಲೇಬೇಕಾಗಿತ್ತು. ಅವುಗಳಲ್ಲಿ ಒಂದು ದಾಟಾದರೂ ಸುಮಾರು ೯೦ ಕಿಲೋಮೀಟರಿನಷ್ಟು ಉದ್ದವಾಗಿರುತ್ತಿತ್ತು. ಜೋಸೆಫ್ ಬರ್ಡ್‌ಸೆಲ್ ಎಂಬ ಮಾನವಶಾಸ್ತ್ರಜ್ಞನು ೧೯೭೭ರಲ್ಲಿ ಎರಡು ಮುಖ್ಯ ದಾರಿಗಳನ್ನು ಸೂಚಿಸಿದನು: ಸುಲವೇಸಿಯ ಮೂಲಕ ನ್ಯೂಗಿನಿಗೆ ಹೋಗುವ ಉತ್ತರದ ದಾರಿ ಒಂದು, ಫ್ಲೋರೆಸ್ ಹಾಗೂ ತಿಮೋರ್‌ಗಳ ಮೂಲಕ ಆಸ್ಟ್ರೇಲಿಯಕ್ಕೆ ಹೋಗುವ ದಕ್ಷಿಣದ ದಾರಿ ಇನ್ನೊಂದು. ನಮ್ಮ ಸಾಕ್ಷಿಗಳಾದ ಗವಿಗಳು ಈ ಎರಡು ದಾರಿಗಳ ಉದ್ದಕ್ಕೂ ಚೆದರಿಕೊಂಡಿವೆ.

ಗವಿಯೆಂಬ ಭಂಡಾರ

ಬಯಲಿನಲ್ಲಿ ಅಳಿದುದು ಗವಿಯಲ್ಲಿ ಉಳಿಯುವುದೇಕೆ? ಇದರ ರಹಸ್ಯವು ಸುಣ್ಣಕಲ್ಲಿನಲ್ಲಿದೆ. ಈ ದ್ವೀಪಗಳಲ್ಲಿ ಅನೇಕವು ಹಿಂದೆ ಸಮುದ್ರದ ತಳದಲ್ಲಿದ್ದ ಹವಳದ ದಿಬ್ಬಗಳನ್ನೂ ಸುಣ್ಣಕಲ್ಲಿನ ಪದರಗಳನ್ನೂ ಹೊತ್ತು ಮೇಲೆದ್ದಿವೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡು ಅನಿಲವನ್ನು ಹೀರಿ ಕೊಂಚ ಆಮ್ಲವಾಗುತ್ತದೆ. ಆ ನೀರು ಬಿರುಕುಗಳಲ್ಲಿ ಇಳಿದು ಸುಣ್ಣಕಲ್ಲನ್ನು ಕರಗಿಸುತ್ತ, ಲಕ್ಷಾಂತರ ವರ್ಷಗಳಲ್ಲಿ ಗವಿಯನ್ನು ಕೊರೆಯುತ್ತದೆ. ಹೊರಗಿನ ಕಾಡುಮಣ್ಣಿನಲ್ಲಿ ಹುಗಿದ ಮೂಳೆಯನ್ನು ಅದೇ ಆಮ್ಲವು ಬೇಗನೆ ಕರಗಿಸಿಬಿಡುತ್ತದೆ. ಆದರೆ ಗವಿಯ ನೆಲದಲ್ಲಿ ಸುಣ್ಣದ ಅಂಶವು ಹೇರಳವಾಗಿರುವುದರಿಂದ ಆಮ್ಲದ ಶಕ್ತಿ ಅಲ್ಲಿ ಕುಂದುತ್ತದೆ, ಮೂಳೆ ಉಳಿಯುತ್ತದೆ. ಸೂರೆಯ ನೀರು, ಗಾಳಿ, ಬಿಸಿಲುಗಳಿಂದ ಮಾಡಿನ ರಕ್ಷಣೆಯೂ ಉಂಟು.

ಇದರ ಮೇಲೆ, ಗವಿಯ ನೆಲವು ವರ್ಷ ವರ್ಷಕ್ಕೆ ಏರುತ್ತ ಹೋಗುತ್ತದೆ. ಧೂಳು, ಮಾಡಿನಿಂದ ಉದುರಿದ ಕಲ್ಲು, ಬಾವಲಿಗಳ ಹಿಕ್ಕೆ, ಒಲೆಯ ಬೂದಿ ಇವೆಲ್ಲ ಪದರ ಪದರವಾಗಿ ಕೂಡುತ್ತವೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಪುಟಗಳನ್ನು ಹಿಂದುಮುಂದಾಗಿಸದೆ ಓದಬಲ್ಲವನಿಗೆ ಗವಿಯ ನೆಲವು ಒಂದು ಪುಸ್ತಕ.

ಆದರೆ ಈ ಪುಸ್ತಕದಲ್ಲಿ ಎಲ್ಲ ಅಕ್ಷರಗಳೂ ಮಾನವನು ಬರೆದವಲ್ಲ. ಗವಿಯಲ್ಲಿ ಗೂಬೆಯೂ ವಾಸಿಸುತ್ತದೆ. ಅದು ಇಲಿಗಳನ್ನು ನುಂಗಿ, ಮೂಳೆಗಳನ್ನು ಉಂಡೆಯಾಗಿ ಕಕ್ಕುತ್ತದೆ. ಸಾವಿರಾರು ವರ್ಷಗಳಲ್ಲಿ ಇಂಥ ಮೂಳೆಗಳ ರಾಶಿಯೇ ಬೀಳಬಹುದು. ಆದುದರಿಂದ ಪ್ರಾಕ್ತನಶಾಸ್ತ್ರಜ್ಞರು ಪ್ರತಿಯೊಂದು ಮೂಳೆಯನ್ನೂ ಪ್ರಶ್ನಿಸುತ್ತಾರೆ. ಇದರ ಮೇಲೆ ಕಲ್ಲಿನ ಅಲಗಿನ ಗೀರುಗಳಿವೆಯೇ? ಇದು ಬೆಂಕಿಯಲ್ಲಿ ಸುಟ್ಟಿದೆಯೇ? ಸಮುದ್ರದ ಚಿಪ್ಪು ಬೆಟ್ಟದ ಗವಿಗೆ ತಾನಾಗಿ ಏರಿ ಬರಲಾರದು. ಹಾಗಾದರೆ ಅದನ್ನು ಹೊತ್ತು ತಂದವರು ಯಾರು? ಉತ್ತರಗಳು ಒಂದನ್ನೊಂದು ಒಪ್ಪಿದಾಗ ಮಾತ್ರ ಮಾನವನ ಹೆಸರನ್ನು ಎತ್ತುತ್ತಾರೆ.

ಕಾಲವನ್ನು ಅಳೆಯುವ ಬಗೆ

ಮಾನವನು ಬಂದನೆಂದರೆ ಸಾಲದು. ಯಾವಾಗ ಬಂದನೆಂಬುದು ತಿಳಿಯಬೇಕು. ಇದಕ್ಕೆ ವಿಜ್ಞಾನಿಗಳ ಕೈಯಲ್ಲಿ ಹಲವು ಗಡಿಯಾರಗಳಿವೆ. ಮೊದಲನೆಯದು, ವಿಲ್ಲಾರ್ಡ್ ಲಿಬ್ಬಿಯು ೧೯೪೯ರಲ್ಲಿ ಬಳಕೆಗೆ ತಂದ ರೇಡಿಯೋ ಇಂಗಾಲದ ವಿಧಾನ. ಜೀವವಿರುವ ತನಕ ಗಿಡವೂ ಪ್ರಾಣಿಯೂ ವಿಕಿರಣಶೀಲ ಇಂಗಾಲವನ್ನು ಸ್ವಲ್ಪ ಸ್ವಲ್ಪವಾಗಿ ಪಡೆಯುತ್ತಿರುತ್ತವೆ. ಸತ್ತ ಮೇಲೆ ಅದು ಕ್ಷಯಿಸುತ್ತ, ಸುಮಾರು ೫,೭೩೦ ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಇದ್ದಿಲಿನಲ್ಲಿ ಅದು ಎಷ್ಟು ಉಳಿದಿದೆಯೆಂದು ಅಳೆದರೆ ಒಲೆಯುರಿದ ಕಾಲ ತಿಳಿಯುತ್ತದೆ. ಆದರೆ ಸುಮಾರು ೫೦,೦೦೦ ವರ್ಷಗಳಾಚೆಗೆ ಉಳಿಯುವ ಪ್ರಮಾಣವು ತೀರ ಅಲ್ಪವಾದುದರಿಂದ ಈ ಗಡಿಯಾರವು ಅಲ್ಲಿ ನಿಲ್ಲುತ್ತದೆ. ನಮ್ಮ ನಾವಿಕರು ಹೊರಟುದು ಈ ಎಲ್ಲೆಯ ಆಸುಪಾಸಿನಲ್ಲೇ ಎಂಬುದು ಸಂಶೋಧಕರ ದುರದೃಷ್ಟ.

ಎರಡನೆಯ ಗಡಿಯಾರವನ್ನು ಗವಿಯೇ ಒದಗಿಸುತ್ತದೆ. ಜಿನುಗುವ ನೀರಿನಲ್ಲಿ ಯುರೇನಿಯಂ ಕೊಂಚ ಕರಗಿರುತ್ತದೆ, ಥೋರಿಯಂ ಕರಗುವುದಿಲ್ಲ. ಆ ನೀರು ಗೋಡೆಯ ಮೇಲೆ ಸುಣ್ಣದ ಹೊಪ್ಪಳೆಯನ್ನು ಕಟ್ಟಿದಾಗ ಅದರಲ್ಲಿ ಯುರೇನಿಯಂ ಮಾತ್ರ ಇರುತ್ತದೆ. ಮುಂದೆ ಆ ಯುರೇನಿಯಂ ಕ್ಷಯಿಸಿ ಥೋರಿಯಂ ಹುಟ್ಟುತ್ತದೆ. ಇವೆರಡರ ಪ್ರಮಾಣದಿಂದ ಹೊಪ್ಪಳೆಯ ವಯಸ್ಸನ್ನು ಲಕ್ಷಾಂತರ ವರ್ಷಗಳ ವರೆಗೆ ಲೆಕ್ಕಹಾಕಬಹುದು. ಮೂರನೆಯದು ಮರಳಿನ ಕಣಗಳ ಗಡಿಯಾರ. ಹೂತುಹೋದ ಕಣವು ಸುತ್ತಲಿನ ವಿಕಿರಣದಿಂದ ಶಕ್ತಿಯನ್ನು ಕೂಡಿಡುತ್ತದೆ; ಬಿಸಿಲು ಬಿದ್ದೊಡನೆ ಅದನ್ನು ಕಳೆದುಕೊಳ್ಳುತ್ತದೆ. ಕೂಡಿಟ್ಟ ಶಕ್ತಿಯನ್ನು ಪ್ರಯೋಗಶಾಲೆಯಲ್ಲಿ ಬೆಳಕಾಗಿ ಹೊರಡಿಸಿ ಅಳೆದರೆ, ಆ ಕಣವು ಕೊನೆಯ ಬಾರಿ ಬಿಸಿಲು ಕಂಡುದು ಯಾವಾಗ ಎಂದು ತಿಳಿಯುತ್ತದೆ.

ನಡೆದು ತಲಪಿದ ಕೊನೆಯ ನೆಲ

ಕಡಲಿಗಿಳಿಯುವ ಮುನ್ನ ದಡದಲ್ಲಿ ನಿಲ್ಲೋಣ. ಬೋರ್ನಿಯೋದ ಸರವಾಕ್ ಪ್ರಾಂತದಲ್ಲಿ ನಿಯಾ ಎಂಬ ಮಹಾಗವಿಯಿದೆ. ತಮ್ಮ ಜೊಲ್ಲಿನಿಂದಲೇ ಗೂಡು ಕಟ್ಟುವ ಸಣ್ಣ ಹಕ್ಕಿಗಳಿಗೂ ಅಸಂಖ್ಯಾತ ಬಾವಲಿಗಳಿಗೂ ಇದು ಮನೆ. ಸರವಾಕ್ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಟಾಮ್ ಹ್ಯಾರಿಸನ್ ೧೯೫೪ರಲ್ಲಿ ಇಲ್ಲಿ ಅಗೆತವನ್ನು ಪ್ರಾರಂಭಿಸಿದನು. ೧೯೫೮ರಲ್ಲಿ, ಗವಿಯ ಪಶ್ಚಿಮ ದ್ವಾರದಲ್ಲಿ, ಆಳವಾದ ಪದರವೊಂದರಿಂದ ನಮ್ಮಂಥದೇ ಮಾನವನ ತಲೆಬುರುಡೆಯೊಂದು ಹೊರಬಿದ್ದಿತು. ಹತ್ತಿರದ ಇದ್ದಿಲು ಸುಮಾರು ೪೦,೦೦೦ ವರ್ಷ ಹಳೆಯದೆಂದು ರೇಡಿಯೋ ಇಂಗಾಲವು ಹೇಳಿದಾಗ ಅನೇಕ ವಿದ್ವಾಂಸರು ನಂಬಲಿಲ್ಲ. ೨೦೦೦ದಿಂದ ಈಚೆಗೆ ಗ್ರೇಮ್ ಬಾರ್ಕರ್ ಎಂಬ ವಿದ್ವಾಂಸನ ತಂಡವು ಅದೇ ಅಗೆತಗಳನ್ನು ಹೊಸ ಸಾಧನಗಳಿಂದ ಪರೀಕ್ಷಿಸಿ, ಆ ಪ್ರಾಚೀನತೆಯು ಸ್ಥೂಲವಾಗಿ ಸರಿಯೆಂದು ತೋರಿಸಿತು.

ನಿಯಾದ ಜನರು ಅಲ್ಲಿಗೆ ದೋಣಿಯಲ್ಲಿ ಬಂದವರಲ್ಲ. ಆಗ ಬೋರ್ನಿಯೋ ಏಷ್ಯಕ್ಕೆ ಅಂಟಿಕೊಂಡಿದ್ದುದರಿಂದ ನಡೆದೇ ಬಂದಿರಬಹುದು. ಆದರೂ ಆ ಗವಿಯು ನಮಗೊಂದು ಮುಖ್ಯ ಸಂಗತಿಯನ್ನು ತಿಳಿಸುತ್ತದೆ. ಅಲ್ಲಿಯ ನೆಲದಲ್ಲಿ ವಿಷವಿರುವ ಕಾಡುಗೆಡ್ಡೆಗಳ ಹಾಗೂ ಬೀಜಗಳ ಕುರುಹುಗಳು ಸಿಕ್ಕಿವೆ. ಇವನ್ನು ಹಾಗೆಯೇ ತಿಂದರೆ ಪ್ರಾಣಕ್ಕೆ ಅಪಾಯ. ನೆನೆಸಿ, ತೊಳೆದು, ಬೂದಿಯಲ್ಲಿ ಹುಗಿದು, ಹೀಗೆ ಹಲವು ದಿನಗಳ ಸಂಸ್ಕಾರದಿಂದಲೇ ವಿಷವನ್ನು ತೆಗೆಯಬೇಕು. ಹೊಸ ನೆಲದ ವಿಷವನ್ನು ಆಹಾರವಾಗಿ ಮಾಡಿಕೊಳ್ಳಬಲ್ಲ ಜನ, ನಾಳೆಗಾಗಿ ಇಂದು ದುಡಿಯಬಲ್ಲ ಜನ ಇವರು. ಕಡಲಿನ ಅಂಚಿಗೆ ಬಂದವರು ಇಂಥವರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಕುಬ್ಜ ಮಾನವರು ಕಲಿಸಿದ ಎಚ್ಚರ

ವಾಲೆಸ್ ರೇಖೆಯನ್ನು ದಾಟಿದೊಡನೆ ನಮ್ಮ ವಾದಕ್ಕೇ ಅಡ್ಡ ಬರುವ ಸಾಕ್ಷಿಯೊಂದು ಎದುರಾಗುತ್ತದೆ. ಫ್ಲೋರೆಸ್ ದ್ವೀಪದ ಲಿಯಾಂಗ್ ಬುವಾ ಎಂಬ ಗವಿಯಲ್ಲಿ ೨೦೦೩ರಲ್ಲಿ ಇಂಡೊನೇಷ್ಯ ಮತ್ತು ಆಸ್ಟ್ರೇಲಿಯಗಳ ಸಂಶೋಧಕರು ಒಂದು ಅಸ್ಥಿಪಂಜರವನ್ನು ಕಂಡರು. ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು. ಮಿದುಳಿನ ಗಾತ್ರ ಸುಮಾರು ೪೦೦ ಘನ ಸೆಂಟಿಮೀಟರು, ನಮ್ಮದರ ಮೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಹಲ್ಲುಗಳ ಸವೆತವು ಇದು ಬೆಳೆದ ವ್ಯಕ್ತಿಯೆಂದು ಸಾರುತ್ತಿತ್ತು. ಇದಕ್ಕೆ ಹೋಮೋ ಫ್ಲೋರೆಸಿಯೆನ್ಸಿಸ್ ಎಂದು ಹೆಸರಿಟ್ಟು ೨೦೦೪ರಲ್ಲಿ ಪ್ರಕಟಿಸಿದರು.

ಮೊದಲು ಈ ಮೂಳೆಗಳ ವಯಸ್ಸು ಸುಮಾರು ೧೮,೦೦೦ ವರ್ಷವೆಂದು ಎಣಿಸಲಾಗಿತ್ತು. ಅಷ್ಟು ಈಚಿನವರೆಗೆ ಇಂಥ ಕುಬ್ಜರು ನಮ್ಮವರ ಪಕ್ಕದಲ್ಲೇ ಬದುಕಿದ್ದರೆಂದು ಲೋಕವೆಲ್ಲ ಬೆರಗಾಯಿತು. ಆದರೆ ಅಗೆತವು ವಿಸ್ತಾರವಾದಂತೆ, ಗವಿಯ ಹಳೆಯ ಪದರಗಳು ಒಂದು ಕಾಲದಲ್ಲಿ ಕೊಚ್ಚಿಹೋಗಿದ್ದುದೂ, ಆ ಓರೆಯಾದ ತಗ್ಗಿನಲ್ಲಿ ಹೊಸ ಮಣ್ಣು ಬಂದು ತುಂಬಿದ್ದುದೂ ಕಂಡುಬಂದಿತು. ಹೊಸ ಮಣ್ಣಿನ ಇದ್ದಿಲನ್ನು ಅಳೆದು ಹಳೆಯ ಮೂಳೆಗೆ ವಯಸ್ಸು ಕಟ್ಟಿದಂತಾಗಿತ್ತು! ೨೦೧೬ರಲ್ಲಿ ಅದೇ ಗವಿಯ ಸಂಶೋಧಕರು ತಮ್ಮ ಲೆಕ್ಕವನ್ನು ತಿದ್ದಿ, ಮೂಳೆಗಳು ಸುಮಾರು ೧,೦೦,೦೦೦ದಿಂದ ೬೦,೦೦೦ ವರ್ಷಗಳ ಹಿಂದಿನವೆಂದು ತಿಳಿಸಿದರು.

ಇದೇ ಬಗೆಯ ಇನ್ನೊಂದು ಶೋಧವು ಫಿಲಿಪೈನ್ಸಿನ ಲುಜಾನ್ ದ್ವೀಪದಲ್ಲಿ ನಡೆಯಿತು. ಅಲ್ಲಿಯ ಕಲ್ಲಾವೋ ಗವಿಯಲ್ಲಿ ಅರ್ಮಾಂಡ್ ಮಿಹಾರೆಸ್ ಎಂಬ ಪ್ರಾಕ್ತನಶಾಸ್ತ್ರಜ್ಞನು ೨೦೦೩ರಲ್ಲಿ ಒಂದಿಷ್ಟು ಆಳ ಅಗೆದು ನಿಲ್ಲಿಸಿದ್ದನು. ಫ್ಲೋರೆಸಿನ ಸುದ್ದಿ ತಿಳಿದ ಮೇಲೆ, ಇನ್ನೂ ಕೆಳಗೆ ಏನಿದ್ದೀತು ಎಂಬ ಕುತೂಹಲದಿಂದ ೨೦೦೭ರಲ್ಲಿ ಮತ್ತೆ ಬಂದು ಅಗೆದನು. ಕನಿಷ್ಠ ೬೭,೦೦೦ ವರ್ಷ ಹಳೆಯದಾದ ಪಾದದ ಮೂಳೆಯೊಂದು ದೊರೆಯಿತು. ಮುಂದೆ ಸಿಕ್ಕಿದ ಹಲ್ಲು ಮತ್ತು ಮೂಳೆಗಳನ್ನೂ ಕೂಡಿಸಿ ೨೦೧೯ರಲ್ಲಿ ಹೋಮೋ ಲುಜೋನೆನ್ಸಿಸ್ ಎಂಬ ಇನ್ನೊಂದು ಮಾನವಜಾತಿಯನ್ನು ಹೆಸರಿಸಲಾಯಿತು.

ಲುಜಾನ್ ಆಗಲಿ ಫ್ಲೋರೆಸ್ ಆಗಲಿ ಆ ಕಾಲದಲ್ಲಿ ಭೂಖಂಡಕ್ಕೆ ಸೇರಿರಲಿಲ್ಲ. ಹಾಗಾದರೆ ಈ ಕುಬ್ಜರ ಹಿರಿಯರೂ ದೋಣಿ ಕಟ್ಟಿದ್ದರೇ? ಹಾಗೆನ್ನಲು ಆಧಾರವಿಲ್ಲ. ೨೦೦೪ರ ಡಿಸೆಂಬರಿನ ಸುನಾಮಿಯಲ್ಲಿ ಸುಮಾತ್ರದ ಅಚೆ ತೀರದಿಂದ ಕೊಚ್ಚಿಹೋದ ಕೆಲವರು ತೇಲುವ ಮರಗಳನ್ನು ಹಿಡಿದು ದಿನಗಟ್ಟಲೆ ಕಡಲಿನಲ್ಲಿ ಬದುಕಿದ್ದುದನ್ನು ನಾವು ಬಲ್ಲೆವು. ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಇಂಥ ಆಕಸ್ಮಿಕವು ಕೆಲವು ಬಾರಿ ನಡೆದರೂ ಒಂದು ಸಣ್ಣ ಸಂತತಿಗೆ ಸಾಕು. ಆದುದರಿಂದ ದ್ವೀಪದ ಗವಿಯಲ್ಲಿ ಮಾನವನಿದ್ದ ಮಾತ್ರಕ್ಕೆ ಅವನು ನಾವಿಕನೆಂದು ತೀರ್ಮಾನಿಸುವುದು ಸಲ್ಲದು. ನಾವಿಕನೆನ್ನಲು ಬೇರೆಯೇ ಸಾಕ್ಷಿ ಬೇಕು. ನಮ್ಮ ಜಾತಿಯವರ ವಿಷಯದಲ್ಲಿ ಆ ಸಾಕ್ಷಿಯನ್ನು ಒದಗಿಸಿದ ಗವಿಗಳಿಗೆ ಈಗ ಬರೋಣ.

ಗೋಡೆಯ ಮೇಲಿನ ಕೈಗಳು

ಉತ್ತರದ ದಾರಿಯಲ್ಲಿರುವ ಸುಲವೇಸಿ ದ್ವೀಪದ ನೈಋತ್ಯ ಭಾಗದಲ್ಲಿ, ಮಾರೋಸ್ ಎಂಬ ಊರಿನ ಬಳಿ, ಗದ್ದೆಗಳ ನಡುವಿನಿಂದ ಸುಣ್ಣಕಲ್ಲಿನ ಗೋಪುರಗಳು ನೆಟ್ಟಗೆ ಎದ್ದುನಿಂತಿವೆ. ಅವುಗಳ ಗವಿಗಳಲ್ಲಿ ಕೆಂಪು ಬಣ್ಣದ ನಡುವೆ ಕೈಗಳ ಬಿಳಿಯ ಆಕೃತಿಗಳಿವೆ. ಗೋಡೆಗೆ ಅಂಗೈಯನ್ನೊತ್ತಿ, ಸುತ್ತಲೂ ಬಣ್ಣವನ್ನು ಊದಿ ಮೂಡಿಸಿದ ಆಕೃತಿಗಳಿವು. ಉಷ್ಣವಲಯದಲ್ಲಿ ಬಣ್ಣವು ಬಹುಕಾಲ ಉಳಿಯಲಾರದೆಂದು ನಂಬಿ, ಇವಕ್ಕೆ ೧೦,೦೦೦ ವರ್ಷಗಳಿಗಿಂತ ಹೆಚ್ಚಿನ ವಯಸ್ಸನ್ನು ವಿದ್ವಾಂಸರು ಕೊಟ್ಟಿರಲಿಲ್ಲ. ಆದರೆ ಚಿತ್ರಗಳ ಮೇಲೆ ಬೆಳೆದಿದ್ದ ಸುಣ್ಣದ ಹೊಪ್ಪಳೆಯನ್ನು ಯುರೇನಿಯಂ ಗಡಿಯಾರದಿಂದ ಅಳೆದಾಗ, ಒಂದು ಕೈಯ ಗುರುತಿಗೆ ಕನಿಷ್ಠ ೩೯,೯೦೦ ವರ್ಷಗಳಾಗಿವೆಯೆಂದು ೨೦೧೪ರಲ್ಲಿ ತಿಳಿದುಬಂದಿತು. ೨೦೨೧ರಲ್ಲಿ ಲಿಯಾಂಗ್ ತೆಡೊಂಗ್ಙೆ ಗವಿಯ ಹಂದಿಯ ಚಿತ್ರಕ್ಕೆ ಕನಿಷ್ಠ ೪೫,೫೦೦ ವರ್ಷವೆಂದೂ, ೨೦೨೪ರಲ್ಲಿ ಲಿಯಾಂಗ್ ಕರಂಪುವಾಂಗ್ ಗವಿಯ, ಹಂದಿಯೊಡನೆ ಮೂರು ಮಾನವಾಕೃತಿಗಳಿರುವ ಚಿತ್ರಕ್ಕೆ ಕನಿಷ್ಠ ೫೧,೨೦೦ ವರ್ಷವೆಂದೂ ಪ್ರಕಟವಾಯಿತು. ಹೊಪ್ಪಳೆಯು ಚಿತ್ರದ ಮೇಲೆ ಕೂತಿರುವುದರಿಂದ ಚಿತ್ರವು ಅದಕ್ಕಿಂತ ಹಳೆಯದೇ ಆಗಿರಬೇಕು. ಆದುದರಿಂದಲೇ ಈ 'ಕನಿಷ್ಠ' ಎಂಬ ಮಾತು.

ಸುಲವೇಸಿಗೆ ಬಂದವರು ಕಡಲನ್ನು ದಾಟಿ ಬಂದವರು. ಬಂದು, ಆ ದ್ವೀಪದಲ್ಲಿ ಮಾತ್ರ ಇರುವ ಹಂದಿಯನ್ನು ಬೇಟೆಯಾಡಿ, ಅದರ ಚಿತ್ರವನ್ನು ಬರೆದು, ನೆಲೆಯೂರಿದವರು. ಒಬ್ಬಿಬ್ಬರು ಅನಾಥರು ಕಡಲಿನಿಂದ ಎದ್ದುಬಂದ ಕುರುಹಿನಂತೆ ಇದು ತೋರುವುದಿಲ್ಲ.

ತಿಮೋರಿನ ಮೀನುಗಾರರು

ಇನ್ನೂ ಬಲವಾದ ಸಾಕ್ಷಿಯು ದಕ್ಷಿಣದ ದಾರಿಯಲ್ಲಿ, ಪೂರ್ವ ತಿಮೋರಿನ ತುದಿಯಲ್ಲಿರುವ ಜೆರಿಮಲಾಯ್ ಗವಿಯಲ್ಲಿದೆ. ಈಗ ಇದನ್ನು ಅಸಿತಾವ್ ಕುರು ಎಂದೂ ಕರೆಯುತ್ತಾರೆ. ಇಲ್ಲಿ ಕಡಲಿನ ತಳವು ದಡದಿಂದಲೇ ಕಡಿದಾಗಿ ಇಳಿಯುತ್ತದೆ. ಆದುದರಿಂದ ಸಮುದ್ರವು ನೂರು ಮೀಟರು ತಗ್ಗಿದ್ದಾಗಲೂ ನೀರಿನ ಅಂಚು ಗವಿಯಿಂದ ಬಹಳ ದೂರ ಸರಿಯಲಿಲ್ಲ. ಬೇರೆಡೆ ಮುಳುಗಿಹೋದ ತೀರವಾಸಿಗಳ ಬದುಕು ಇಲ್ಲಿ ಬೆಟ್ಟದ ಮೇಲೆಯೇ ಉಳಿದುಕೊಳ್ಳಲು ಇದು ಕಾರಣ.

೨೦೦೫ರಲ್ಲಿ ಸೂ ಓಕಾನರ್ ಎಂಬ ವಿದುಷಿಯ ತಂಡವು ಇಲ್ಲಿ ಒಂದೊಂದು ಮೀಟರು ಚದರದ ಎರಡು ಗುಂಡಿಗಳನ್ನಷ್ಟೇ ತೋಡಿತು. ಅಷ್ಟರಲ್ಲಿಯೇ ೩೮,೦೦೦ಕ್ಕೂ ಹೆಚ್ಚು ಮೀನಿನ ಮೂಳೆಗಳು ದೊರೆತುವು! ಅತ್ಯಂತ ಕೆಳಗಿನವು ಸುಮಾರು ೪೨,೦೦೦ ವರ್ಷ ಹಳೆಯವು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಟ್ಯೂನಾದಂತಹ, ವೇಗವಾಗಿ ಈಜುವ ಹೊರಗಡಲಿನ ಮೀನುಗಳವು. ಟ್ರೋಕಸ್ ಎಂಬ ಚಿಪ್ಪಿನಿಂದ ಮಾಡಿದ ಗಾಳದ ತುಂಡೊಂದು ೨೩,೦೦೦ದಿಂದ ೧೬,೦೦೦ ವರ್ಷಗಳ ಹಿಂದಿನ ಪದರದಲ್ಲಿ ಸಿಕ್ಕಿತು. ಟ್ಯೂನಾದ ಮೂಳೆಗಳು ಎಳೆಯ ಮೀನಿನವು, ಅವು ದಡದ ಸಮೀಪದ ಆಳದಲ್ಲೂ ಸಿಗುತ್ತವೆ, ಆದುದರಿಂದ ದೋಣಿಯೇ ಬೇಕೆಂದಿಲ್ಲ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಆಕ್ಷೇಪಣೆಯು ಉಚಿತವಾದುದೇ. ಆದರೆ ಕಡಲನ್ನೇ ಹೊಲವನ್ನಾಗಿ ಮಾಡಿಕೊಂಡು, ಅದರ ಮೀನುಗಳ ನಡೆಯನ್ನು ಬಲ್ಲ ಜನರು ಇವರೆಂಬುದನ್ನು ಅದು ಅಲ್ಲಗಳೆಯುವುದಿಲ್ಲ. ನೆರೆಯ ಅಲೋರ್ ದ್ವೀಪದ ತ್ರೋನ್ ಬೊನ್ ಲೆಯ್ ಎಂಬ ಕಲ್ಲಾಸರೆಯಲ್ಲಿ ಸುಮಾರು ೧೨,೦೦೦ ವರ್ಷಗಳ ಹಿಂದೆ ಹೂತ ವ್ಯಕ್ತಿಯೊಬ್ಬರ, ಬಹುಶಃ ಹೆಂಗಸಿನ, ಗಲ್ಲದ ಸುತ್ತ ಚಿಪ್ಪಿನ ಐದು ಗಾಳಗಳನ್ನು ಇರಿಸಿದ್ದರು. ಪರಲೋಕಕ್ಕೂ ಗಾಳವನ್ನು ಕೊಟ್ಟು ಕಳುಹಿಸಿದ ಜನರಿವರು.

ತಿಮೋರಿನ ಇನ್ನೊಂದು ಗವಿ, ಲೈಲಿ, ಸಾಕ್ಷಿಯ ಅಭಾವವೂ ಒಂದು ಸಾಕ್ಷಿಯಾಗಬಲ್ಲುದೆಂದು ತೋರಿಸಿತು. ಇಲ್ಲಿ ಸುಮಾರು ೫೯,೦೦೦ದಿಂದ ೫೪,೦೦೦ ವರ್ಷಗಳ ಹಿಂದಿನ ಪದರಗಳಲ್ಲಿ ಮಾನವನ ಕುರುಹೇ ಇಲ್ಲ. ಸುಮಾರು ೪೪,೦೦೦ ವರ್ಷಗಳ ಹಿಂದಿನ ಪದರದಲ್ಲಾದರೋ ಕಲ್ಲಿನ ಆಯುಧಗಳೂ ಬೂದಿಯೂ ಒಮ್ಮೆಗೇ ದಟ್ಟವಾಗಿ ಕಾಣಿಸಿಕೊಳ್ಳುತ್ತವೆ. ಒಬ್ಬೊಬ್ಬರಾಗಿ ತೇಲಿಬಂದವರು ಇಂಥ ಗುರುತನ್ನು ಬಿಡಲಾರರು. ಇದು ಗುಂಪಾಗಿ ಬಂದವರ ಗುರುತು ಎಂದು ೨೦೨೪ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದ ಸಂಶೋಧಕರ ಅಭಿಪ್ರಾಯ. ಆಸ್ಟ್ರೇಲಿಯದ ಉತ್ತರದಲ್ಲಿರುವ ಮಜೆಡ್ಬೆಬೆ ಕಲ್ಲಾಸರೆಗೆ ೨೦೧೭ರಲ್ಲಿ ೬೫,೦೦೦ ವರ್ಷಗಳ ಪ್ರಾಚೀನತೆಯನ್ನು ಹೇಳಲಾಗಿದೆ. ಆ ಲೆಕ್ಕದ ಬಗ್ಗೆ ವಾದವು ನಡೆದಿದೆ. ಅದು ನಿಜವಾದರೆ, ಮೊದಲಿಗರು ತಿಮೋರನ್ನು ಮೆಟ್ಟದೆ ಉತ್ತರದ ದಾರಿಯಲ್ಲಿಯೇ ಹೋದರೆಂದು ತಿಳಿಯಬೇಕಾಗುತ್ತದೆ.

ಕಾಣದ ದಡದ ಕಡೆಗೆ

ನ್ಯೂಗಿನಿಯನ್ನು ಸೇರಿದ ಮೇಲೂ ಈ ಜನರು ನಿಲ್ಲಲಿಲ್ಲ. ಅದರ ಪೂರ್ವಕ್ಕಿರುವ ನ್ಯೂ ಐರ್ಲೆಂಡ್ ದ್ವೀಪದ ಬುವಾಂಗ್ ಮೆರಬಾಕ್ ಗವಿಯಲ್ಲಿ ಸುಮಾರು ೪೦,೦೦೦ ವರ್ಷಗಳ ಹಿಂದೆ ಜನರಿದ್ದರು. ಇನ್ನೂ ಆಚೆ, ಸಾಲೊಮನ್ ದ್ವೀಪಮಾಲೆಯ ಬುಕಾದಲ್ಲಿರುವ ಕಿಲು ಗವಿಯಲ್ಲಿ ಸುಮಾರು ೨೯,೦೦೦ ವರ್ಷಗಳ ಹಿಂದೆ ಮಾನವರು ನೆಲಸಿದ್ದರು. ಅವರ ಕಲ್ಲಿನ ಆಯುಧಗಳಿಗೆ ಕೆಸವಿನ ಗೆಡ್ಡೆಯ ಹಿಟ್ಟಿನ ಕಣಗಳು ಇನ್ನೂ ಅಂಟಿಕೊಂಡಿದ್ದುವು. ಬುಕಾವನ್ನು ಸೇರಲು ನೂರು ಕಿಲೋಮೀಟರಿಗೂ ಮಿಕ್ಕ ತೆರೆದ ಕಡಲನ್ನು ದಾಟಬೇಕು. ಉತ್ತರದ ಮನುಸ್ ದ್ವೀಪಕ್ಕೆ ಹೋಗಲು ೨೦೦ ಕಿಲೋಮೀಟರಿಗೂ ಹೆಚ್ಚು. ದಾರಿಯ ನಡುವೆ ಒಂದಷ್ಟು ದೂರ ಬಿಟ್ಟ ದಡವೂ ಕಾಣದು, ಸೇರುವ ದಡವೂ ಕಾಣದು. ಅಲ್ಲಿಯ ಪಂವಾಕ್ ಕಲ್ಲಾಸರೆಯು ೨೦,೦೦೦ ವರ್ಷಗಳಿಗೂ ಹಿಂದೆಯೇ ಜನರು ಆ ದ್ವೀಪವನ್ನು ಮುಟ್ಟಿದ್ದರೆಂದು ಸಾರುತ್ತದೆ.

ಈ ಎಲ್ಲಕ್ಕಿಂತ ಮಿಗಿಲಾದ ಸಾಕ್ಷಿಯನ್ನು ನ್ಯೂ ಐರ್ಲೆಂಡಿನ ಮಾತೆನ್‌ಬೆಕ್ ಗವಿಯು ಕಾಪಾಡಿದೆ. ಸುಮಾರು ೨೦,೦೦೦ ವರ್ಷಗಳ ಹಿಂದಿನ ಪದರದಲ್ಲಿ ಎರಡು ಹೊಸ ವಸ್ತುಗಳು ಕಾಣಿಸಿಕೊಳ್ಳುತ್ತವೆ. ಒಂದು, ಅಬ್ಸಿಡಿಯನ್ ಎಂಬ ಕರಿಯ ಗಾಜುಕಲ್ಲು. ಇದು ಜ್ವಾಲಾಮುಖಿಯಿಂದ ಹುಟ್ಟುವುದು. ಒಂದೊಂದು ನೆಲೆಯ ಕಲ್ಲಿಗೂ ಅದರದೇ ಆದ ರಾಸಾಯನಿಕ ಗುರುತಿರುತ್ತದೆ. ಆ ಗುರುತಿನಂತೆ ಇದು ಬಂದುದು ಕಡಲಾಚೆಯ ನ್ಯೂ ಬ್ರಿಟನ್ ದ್ವೀಪದಿಂದ. ಎರಡನೆಯದು ಕಸ್ಕಸ್ ಎಂಬ, ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊರುವ ಮರವಾಸಿ ಪ್ರಾಣಿಯ ಮೂಳೆಗಳು. ಅದಕ್ಕೆ ಹಿಂದಿನ ಪದರಗಳಲ್ಲಿ ಆ ಪ್ರಾಣಿಯಿಲ್ಲ. ಬೇಟೆಗೆ ಪ್ರಾಣಿಗಳು ವಿರಳವಾಗಿದ್ದ ದ್ವೀಪಕ್ಕೆ ಯಾರೋ ಅದನ್ನು ಜೀವಂತವಾಗಿ ತಂದು ಕಾಡಿಗೆ ಬಿಟ್ಟಿರಬೇಕು. ಕೊಚ್ಚಿಹೋದವನು ಕಲ್ಲಿನ ಗಂಟನ್ನು ಹೊತ್ತು ಹೋಗುವುದಿಲ್ಲ. ಮುಂದಿನ ವರ್ಷದ ಬೇಟೆಗಾಗಿ ಪ್ರಾಣಿಯನ್ನು ದೋಣಿಯಲ್ಲಿ ಸಾಕಿಕೊಂಡು ಬರುವುದಿಲ್ಲ. ಹೋಗಿ ಬರುವ ದಾರಿಯನ್ನು ತಿಳಿದವರ ಕೆಲಸವಿದು.

ಕಡಲಿನಲ್ಲಿಯೇ ಪರೀಕ್ಷೆ

ಗವಿಯ ಸಾಕ್ಷಿಯನ್ನು ಕಡಲಿನಲ್ಲಿ ಪರೀಕ್ಷಿಸಿ ನೋಡಿದವರೂ ಉಂಟು. ಇದಕ್ಕಾಗಿ ನಾವು ಉತ್ತರಕ್ಕೆ, ಜಪಾನಿನ ರ‍್ಯುಕ್ಯು ದ್ವೀಪಗಳಿಗೆ ಹೋಗಬೇಕು. ಅಲ್ಲಿಯ ಒಕಿನಾವ ದ್ವೀಪದ ಸಕಿತಾರಿ ಗವಿಯಲ್ಲಿ ಸುಮಾರು ೨೩,೦೦೦ ವರ್ಷ ಹಳೆಯ ಚಿಪ್ಪಿನ ಗಾಳಗಳು ದೊರೆತಿವೆ. ಇಷಿಗಾಕಿ ದ್ವೀಪದ ಗವಿಯೊಂದರಲ್ಲಿ ಸುಮಾರು ೨೭,೦೦೦ವರ್ಷ ಹಳೆಯ ಅಸ್ಥಿಗಳು ದೊರೆತಿವೆ. ಆದರೆ ತೈವಾನಿಗೂ ಈ ದ್ವೀಪಗಳಿಗೂ ನಡುವೆ ಕುರೋಶಿಯೊ ಎಂಬ ರಭಸದ ಸಾಗರಪ್ರವಾಹವಿದೆ. ಆ ದಾರಿಯಲ್ಲಿ ತೇಲಿಬಿಟ್ಟ ನೂರಕ್ಕೂ ಹೆಚ್ಚು ಬುರುಡೆಗಳ ಚಲನೆಯನ್ನು ಉಪಗ್ರಹಗಳಿಂದ ಗಮನಿಸಿದಾಗ, ದ್ವೀಪಗಳ ಹತ್ತಿರಕ್ಕೆ ಬಂದುವು ಬೆರಳೆಣಿಕೆಯಷ್ಟು ಮಾತ್ರ. ಸುಮ್ಮನೆ ತೇಲಿದವರು ದ್ವೀಪವನ್ನು ಸೇರುವುದು ಅಷ್ಟು ದುರ್ಲಭ.

ಯೂಸುಕೆ ಕೈಫು ಎಂಬ ಜಪಾನೀ ವಿಜ್ಞಾನಿಯ ತಂಡವು ಮೊದಲು ಜೊಂಡಿನ ತೆಪ್ಪವನ್ನೂ, ಬಳಿಕ ಬಿದಿರಿನ ತೆಪ್ಪವನ್ನೂ ಕಟ್ಟಿ ನೋಡಿತು. ಎರಡೂ ಪ್ರವಾಹವನ್ನು ಎದುರಿಸಲಾರದೆ ಹೋದುವು. ಆಮೇಲೆ ಕಲ್ಲಿನ ಕೊಡಲಿಗಳಿಂದಲೇ ಮರವನ್ನು ಕಡಿದು ತೋಡಿ ದೋಣಿಯೊಂದನ್ನು ಮಾಡಿದರು. ೨೦೧೯ರ ಜುಲೈಯಲ್ಲಿ ನಾಲ್ವರು ಗಂಡಸರೂ ಒಬ್ಬ ಹೆಂಗಸೂ ಅದರಲ್ಲಿ ಕುಳಿತು, ದಿಕ್ಸೂಚಿಯಿಲ್ಲದೆ, ಸೂರ್ಯನನ್ನೂ ನಕ್ಷತ್ರಗಳನ್ನೂ ಅಲೆಗಳನ್ನೂ ನೋಡುತ್ತ ತೈವಾನಿನಿಂದ ಹುಟ್ಟು ಹಾಕಿದರು. ಸುಮಾರು ೨೨೫ ಕಿಲೋಮೀಟರು ಸಾಗಿ ೪೫ ಗಂಟೆಗಳಲ್ಲಿ ಯೊನಾಗುನಿ ದ್ವೀಪವನ್ನು ಸೇರಿದರು. ದಾರಿಯ ಬಹುಭಾಗದಲ್ಲಿ ಆ ದ್ವೀಪವು ಕಣ್ಣಿಗೆ ಬೀಳುವಂತಿರಲಿಲ್ಲ. ಪೂರ್ವಿಕರು ಹೀಗೆಯೇ ಮಾಡಿದರೆಂದು ಇದರಿಂದ ಸಿದ್ಧವಾಗದು. ಅವರ ಸಾಧನಗಳಿಂದ ಇದು ಸಾಧ್ಯವೆಂಬುದು ಮಾತ್ರ ಸಿದ್ಧವಾಯಿತು.

ಲೆಕ್ಕವೂ ಇದನ್ನೇ ಹೇಳುತ್ತದೆ. ಒಂದು ಹೊಸ ಖಂಡದಲ್ಲಿ ಸಂತತಿಯು ಅಳಿಯದೆ ಬೆಳೆಯಬೇಕಾದರೆ ಮೊದಲಿಗೆ ಎಷ್ಟು ಜನರು ಬೇಕು? ಜನನ, ಮರಣ, ಆಹಾರಗಳನ್ನು ಗಣಿಸಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸಾಹುಲ್‌ಗೆ ಕನಿಷ್ಠ ೧,೩೦೦ ಮಂದಿಯಾದರೂ ಒಮ್ಮೆಗೋ, ಕೆಲವು ನೂರು ವರ್ಷಗಳಲ್ಲಿ ಸಣ್ಣ ಗುಂಪುಗಳಾಗಿಯೋ ಬಂದಿರಬೇಕೆಂದು ಅಂದಾಜು ಮಾಡಿತು. ಅಷ್ಟು ಜನರನ್ನು, ಅದೂ ಗಂಡಸರು, ಹೆಂಗಸರು, ಮಕ್ಕಳೊಡನೆ, ಬಿರುಗಾಳಿಯೊಂದೇ ಹೊತ್ತು ತಂದು ಹಾಕಿತೆಂದರೆ ನಂಬುವುದು ಕಷ್ಟ.

ಸಾಕ್ಷಿಗಳು ಸವೆಯುತ್ತಿವೆ

ಬಿಡಿಬಿಡಿಯಾಗಿ ನೋಡಿದರೆ ಯಾವ ಗವಿಯೂ 'ಇಲ್ಲಿ ದೋಣಿಯಿತ್ತು' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಗವಿಯು ಮೀನನ್ನು ತೋರಿಸುತ್ತದೆ, ಇನ್ನೊಂದು ಕಲ್ಲನ್ನು, ಮತ್ತೊಂದು ಒಮ್ಮೆಗೇ ತುಂಬಿದ ಬೂದಿಯ ಪದರವನ್ನು. ಎಲ್ಲವನ್ನೂ ಕೂಡಿಸಿದಾಗ ಕಾಣುವುದು ನಾವಿಕರ ಮುಖವೇ. ಹೊಲ ಉಳುವುದಕ್ಕೆ, ಗಡಿಗೆ ಮಾಡುವುದಕ್ಕೆ, ಲೋಹವನ್ನು ಕರಗಿಸುವುದಕ್ಕೆ ಹತ್ತಾರು ಸಾವಿರ ವರ್ಷ ಮೊದಲೇ ಮಾನವನು ಕಡಲಿನ ಮೇಲೆ ಯೋಚನೆ ಮಾಡಿ ಹೊರಟಿದ್ದನು. ಅಂಥ ಯೋಜನೆಗೆ ಮಾತು ಬೇಕು, ಒಬ್ಬರನ್ನೊಬ್ಬರು ನಂಬುವ ಗುಣ ಬೇಕು, ಇನ್ನೂ ಕಾಣದ ದಡವನ್ನು ಮನಸ್ಸಿನಲ್ಲಿ ಕಾಣುವ ಶಕ್ತಿ ಬೇಕು. ಇವೆಲ್ಲ ಅವರಲ್ಲಿದ್ದುವು.

ಆದರೆ ಸಾಕ್ಷಿಗಳಿಗೂ ಆಯುಷ್ಯವಿದೆ. ಮಾರೋಸಿನ ಗವಿಗಳಲ್ಲಿ ಗೋಡೆಯೊಳಗೆ ಉಪ್ಪಿನ ಹರಳುಗಳು ಬೆಳೆದು ಚಿತ್ರಗಳನ್ನು ಹೊಪ್ಪಳೆ ಹೊಪ್ಪಳೆಯಾಗಿ ಕೆಡವುತ್ತಿವೆಯೆಂದೂ, ಬಿಸಿಯೇರುತ್ತಿರುವ ಹವೆಯೂ ಬರ ಮಳೆಗಳ ತೀವ್ರವಾದ ಏರಿಳಿತವೂ ಇದನ್ನು ಹೆಚ್ಚಿಸುತ್ತಿವೆಯೆಂದೂ ೨೦೨೧ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿದೆ. ಸುಣ್ಣಕಲ್ಲು ಸಿಮೆಂಟಿಗೂ ಬೇಕಾದುದರಿಂದ ಆ ಸೀಮೆಯಲ್ಲಿ ಕಲ್ಲುಗಣಿಗಳೂ ಇವೆ. ರಕ್ಷಣೆಯ ಕೆಲಸವೂ ನಡೆಯದಿಲ್ಲ: ಮಾರೋಸ್ ಪ್ರದೇಶವು ೨೦೨೩ರಲ್ಲಿ ಯುನೆಸ್ಕೋ ಭೂಉದ್ಯಾನಗಳ ಸಾಲಿಗೂ, ನಿಯಾದ ಗವಿಗಳು ೨೦೨೪ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿವೆ. ದೋಣಿಗಳನ್ನು ಮಳೆಯೂ ದಡಗಳನ್ನು ಕಡಲೂ ನುಂಗಿದುದು ಮಾನವನ ಕೈಮೀರಿದ ಸಂಗತಿ. ಗವಿಗಳ ಮಾತು ಹಾಗಲ್ಲ. ಜೆರಿಮಲಾಯ್‌ನಲ್ಲಿ ಎರಡು ಮೀಟರು ಚದರದಷ್ಟು ನೆಲವು ಇಷ್ಟೆಲ್ಲವನ್ನು ಹೇಳಿತು. ಇನ್ನೂ ಅಗೆಯದ ನೆಲವು ಈ ದ್ವೀಪಗಳಲ್ಲಿ ಬಹಳವಿದೆ. ಅದನ್ನು ಓದುವ ವಿದ್ಯೆಯು ನಮ್ಮ ಕಾಲದಲ್ಲಿ ಬೆಳೆದಿದೆ. ಓದುವ ತನಕ ಅದನ್ನು ಉಳಿಸಿಕೊಳ್ಳುವ ಹೊಣೆಯೂ ನಮ್ಮ ಕಾಲದ್ದೇ.